ಎಂಟೂಕಾಲರ ಬಸ್ಸಿನಲ್ಲಿ ನನ್ನ ಹೊಟ್ಟೆ

ಕಳೆದ ತಿಂಗಳು ನಮ್ಮ ಶಾಲೆಗೆ ಹೊಸದಾಗಿ ಬಂದ ವಿಜ್ಞಾನ ಶಿಕ್ಷಕಿ ಮಧ್ಯಾಹ್ನದ ಬಿಡುವಿನಲ್ಲಿ ಫ್ಲಾಸ್ಕಿನ ಮುಚ್ಚಳ ತೆರೆದರು. ಬೇಯಿಸಿದ ಹುರುಳಿಯ ವಾಸನೆ ಕೊಠಡಿಯನ್ನು ತುಂಬಿತು. ಒಬ್ಬರು ಮೂಗು ಮುಚ್ಚಿಕೊಂಡರು, ಇನ್ನೊಬ್ಬರು ಕಿಟಕಿ ತೆರೆದರು. ನಾನು ಮಾತ್ರ ನನಗೇ ಅರಿವಿಲ್ಲದೆ ಹೊಟ್ಟೆಯನ್ನು ಒಳಗೆಳೆದುಕೊಂಡೆ, ಉಸಿರು ಬಿಗಿಹಿಡಿದೆ. ಎಷ್ಟೋ ವರ್ಷಗಳ ಹಿಂದಿನ ಅಭ್ಯಾಸವದು. ದೇಹ ಅದನ್ನು ಮರೆತಿರಲಿಲ್ಲ.

ಅದು ತೊಂಬತ್ತೊಂಬತ್ತನೆಯ ಇಸವಿ. ಜೂನ್ ತಿಂಗಳಿನಿಂದ ಅಕ್ಟೋಬರ್ ಕೊನೆಯವರೆಗಿನ ಐದು ತಿಂಗಳನ್ನು ನಾನು ಒಂದು ಸುಳ್ಳಿನೊಳಗೆ ಕಳೆದೆ. ಆ ಸುಳ್ಳನ್ನು ನಾನು ಹೇಳಿದ್ದಲ್ಲ, ಆದರೆ ತಿದ್ದಲೂ ಇಲ್ಲ.

ನನ್ನ ತವರು ಮಡಂತ್ಯಾರಿನ ಹತ್ತಿರ. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವರಲ್ಲಿ ನಾನೇ ಮೊದಲನೆಯವಳು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತಿಲ್ಲ. ಕನ್ನಡವನ್ನು ನಾನು ಪುಸ್ತಕದಿಂದ ಕಲಿತವಳು, ಆದ್ದರಿಂದ ಅದನ್ನು ಬಳಸುವಾಗ ಎರವಲು ತಂದ ಗಾಜಿನ ಪಾತ್ರೆಯನ್ನು ಹಿಡಿದಷ್ಟು ಎಚ್ಚರವಿರುತ್ತಿತ್ತು. ಬಿ.ಎಡ್. ಮುಗಿಸಿ ಸಿದ್ದಕಟ್ಟೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿಯಾದ ಮೇಲೆ ಆ ಎಚ್ಚರ ಇನ್ನೂ ಹೆಚ್ಚಿತು. ಮಕ್ಕಳು "ನಮ್ಮ ಮನೆಯಲ್ಲಿ ದನ ಉಂಟು" ಎಂದು ಬರೆದರೆ "ಉಂಟು" ಎಂಬುದನ್ನು ಹೊಡೆದು ಹಾಕಿ "ಇದೆ" ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ. ರಜಾ ಅರ್ಜಿಯಲ್ಲಿ "ಬಂಜಿ ಬೇನೆ ಇದ್ದುದರಿಂದ" ಎಂದಿದ್ದರೆ "ಹೊಟ್ಟೆನೋವು" ಎಂದು ತಿದ್ದುತ್ತಿದ್ದೆ.

ಒಮ್ಮೆ ಒಬ್ಬಳು ಹುಡುಗಿ ತುಳುವಿನ "ಬಂಜಿ"ಯನ್ನು ಕನ್ನಡ ಮಾಡಹೊರಟು "ನನಗೆ ಬಂಜೆ ನೋವು" ಎಂದು ಬರೆದಿದ್ದಳು. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಬಂಜಿನಾಲ್ ಎಂದರೆ ಬಸುರಿ. ಕನ್ನಡದಲ್ಲಿ ಬಂಜೆ ಎಂದರೆ ಮಕ್ಕಳಾಗದವಳು. ಈ ವ್ಯತ್ಯಾಸವನ್ನು ತರಗತಿಗೆ ವಿವರಿಸೋಣವೆಂದು ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆ. ಮೊದಲ ಎರಡು ಪದಗಳ ಅರ್ಥ ಬರೆದೆ. ಮೂರನೆಯದನ್ನು ಬರೆಯಲು ಕೈ ಏಳಲಿಲ್ಲ. ನನಗೆ ಮದುವೆಯಾಗಿ ಆಗ ನಾಲ್ಕು ವರ್ಷ.

ನಾವು ಮೂಡುಬಿದಿರೆ ಪೇಟೆಯಿಂದ ಎರಡು ಸ್ಟಾಪು ಆಚೆ ಬಾಡಿಗೆ ಮನೆಯಲ್ಲಿದ್ದೆವು. ಯಜಮಾನರು ಪೇಟೆಯ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತರು. ಆ ವರ್ಷದ ಮೇ ತಿಂಗಳಿನಲ್ಲಿ ಇಬ್ಬರೂ ಒಬ್ಬ ವೈದ್ಯೆಯ ಬಳಿಗೆ ಹೋದೆವು. ಅವರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಟೇಪು ತೆಗೆದು ನನ್ನ ಸೊಂಟದ ಸುತ್ತು ಅಳೆದು, "ದೊಡ್ಡ ದೋಷ ಏನೂ ಕಾಣುವುದಿಲ್ಲ. ಆದರೆ ಈ ಹೊಟ್ಟೆಯ ಕೊಬ್ಬು ಇಳಿಸಬೇಕು. ಮೊದಲು ಅದನ್ನು ಮಾಡಿ, ಆಮೇಲೆ ನೋಡುವ" ಎಂದರು. ಆ "ಆಮೇಲೆ ನೋಡುವ" ಎಂಬ ಎರಡು ಶಬ್ದಗಳನ್ನು ನಾನು ವರವೆಂಬಂತೆ ಮನೆಗೆ ತಂದೆ. ನನ್ನ ಪಾಲಿಗೆ ಮಗುವಿಗೂ ನನಗೂ ನಡುವೆ ಇದ್ದದ್ದು ಈಗ ಬರೀ ಹೊಟ್ಟೆ.

ಮರುದಿನದಿಂದಲೇ ಪಥ್ಯ. ಬೆಳಿಗ್ಗೆ ಹುರುಳಿ ಬೇಯಿಸಿದ ನೀರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಒಂದೇ ಸೌಟು, ಜೊತೆಗೆ ಮುಳ್ಳುಸೌತೆ. ತೆಂಗಿನಕಾಯಿ ಇಲ್ಲ, ಕರಿದದ್ದು ಇಲ್ಲ, ಬಂಗುಡೆ ಮೀನನ್ನು ಹುರಿಯುವಂತಿಲ್ಲ. ತೆಂಗಿನಕಾಯಿ ಹಾಕದ ಬಸಳೆಯನ್ನು ತಿಂದವರಿಗೆ ಮಾತ್ರ ಆ ಶಿಕ್ಷೆಯ ತೂಕ ತಿಳಿದೀತು. ಬೆಳಿಗ್ಗೆ ಒಳಕೋಣೆಯಲ್ಲಿ ಹಗ್ಗದಾಟ ಆರಂಭಿಸಿದೆ.

ಯಜಮಾನರು ಬಾಗಿಲಲ್ಲಿ ನಿಂತು, "ನೀನು ಹಾರುವಾಗ ಗೋಡೆಯ ಗಡಿಯಾರ ನಿಲ್ತದೆ ಮಾರಾಯ್ತಿ. ನನಗೆ ಆಫೀಸಿಗೆ ಲೇಟಾಗ್ತದೆ" ಎನ್ನುತ್ತಿದ್ದರು.

"ನೀವು ನೋಡಬೇಡಿ. ನೋಡಿದರೆ ಲೆಕ್ಕ ತಪ್ಪುತ್ತದೆ."

"ನಾನು ನೋಡುವುದಿಲ್ಲ. ಗಡಿಯಾರಕ್ಕೆ ಹೇಳು."

ಶಾಲೆ ಪುನಃ ಆರಂಭವಾದ ವಾರ ಮಳೆಯೂ ಆರಂಭವಾಯಿತು. ಪ್ರಾರ್ಥನೆಯ ಗಂಟೆಗೆ ಮೊದಲು ಶಾಲೆ ತಲುಪಬೇಕಾದರೆ ಬಂಟ್ವಾಳಕ್ಕೆ ಹೋಗುವ ಎಂಟೂಕಾಲರ ಬಸ್ಸು ಬಿಟ್ಟರೆ ನನಗೆ ಗತಿಯಿರಲಿಲ್ಲ. ಅದು ನಮ್ಮ ಸ್ಟಾಪಿಗೆ ಬರುವಾಗಲೇ ಕಿಕ್ಕಿರಿದಿರುತ್ತಿತ್ತು. ಎರಡನೆಯ ದಿನವೋ ಮೂರನೆಯ ದಿನವೋ, ಒದ್ದೆ ಕೊಡೆ ಒಂದು ಕೈಯಲ್ಲಿ, ಪುಸ್ತಕದ ಚೀಲ ಇನ್ನೊಂದರಲ್ಲಿ ಹಿಡಿದು ಹತ್ತಿದೆ. ಸೆರಗು ಮೈಗಂಟಿ ಹೊಟ್ಟೆ ಎದ್ದು ಕಾಣುತ್ತಿದ್ದಿರಬೇಕು. ಕಂಡಕ್ಟರ್ ಸದಾನಂದ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿಗೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ:

"ತಂಗಡಿ, ಒಂತೆ ಲಕ್ಕ್‌ಲೆ. ಬಂಜಿನಾಲ್ ಉಲ್ಲೆರ್."

ತಂಗಿ, ಸ್ವಲ್ಪ ಏಳಿ, ಬಸುರಿ ಇದ್ದಾರೆ. ಹುಡುಗಿ ತಟ್ಟನೆ ಎದ್ದಳು. ಇಪ್ಪತ್ತು ಮುಖಗಳು ನನ್ನ ಕಡೆಗೆ ಮೃದುವಾಗಿ ತಿರುಗಿದವು. "ಅಲ್ಲ" ಎನ್ನಲು ನಾನು ಬಾಯಿ ತೆರೆದೆ. ಅಲ್ಲವೆಂದರೆ ಮುಂದಿನ ಮಾತೇನು? ಇದು ಬರೀ ಕೊಬ್ಬು ಎಂದು ಇಪ್ಪತ್ತು ಜನರ ಎದುರು ಹೇಳುವುದೇ? ವರ್ಷವಿಡೀ ಬೇರೆಯವರ ತಪ್ಪು ತಿದ್ದುವವಳು ಬಾಯಿ ಮುಚ್ಚಿ ಕುಳಿತೆ.

ಕುಳಿತದ್ದೇ ತಪ್ಪಾಯಿತು. ಒಂದು ದಿನ ಕುಳಿತವಳು ಮರುದಿನ ನಿಲ್ಲುವುದು ಹೇಗೆ?

ನನ್ನ ಪಕ್ಕದ ಕಿಟಕಿಯ ಬಳಿ ಕುಳಿತಿದ್ದವರು ಐಸಮ್ಮ. ಅರುವತ್ತರ ಹತ್ತಿರದ ಬ್ಯಾರಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಪಾಣೆಮಂಗಳೂರಿನಲ್ಲಿದ್ದ ಬಟ್ಟೆ ಅಂಗಡಿಯನ್ನು ತಾವೇ ನೋಡಿಕೊಳ್ಳುತ್ತಿದ್ದರು. ಗಂಡುಮಕ್ಕಳಿಬ್ಬರೂ ಗಲ್ಫಿನಲ್ಲಿ. ಬಿಳಿಯ ಸೆರಗನ್ನು ತಲೆಯ ಮೇಲೆ ಸರಿಪಡಿಸಿಕೊಂಡು, ನಾನು ಟೀಚರೆಂಬುದನ್ನು ಕೇಳಿ ತಿಳಿದುಕೊಂಡು, ನನ್ನ ಗೌರವಕ್ಕೆಂಬಂತೆ ಕನ್ನಡದಲ್ಲೇ ಮಾತಾಡಿದರು. ಮಳೆಯ ಮಾತಾಯಿತು, ಯಜಮಾನರ ಕೆಲಸದ ಮಾತಾಯಿತು. ಆಮೇಲೆ ಕೇಳಿದರು: "ಎಷ್ಟಾಯ್ತು ಟೀಚರೇ?"

ಮದುವೆಯಾಗಿ ಎಷ್ಟಾಯಿತೆಂದು ಕೇಳಿದರೆಂದು ತಿಳಿದು, "ನಾಲ್ಕು" ಎಂದೆ.

"ನಾಲ್ಕಾ? ಅಲ್ಹಮ್ದುಲಿಲ್ಲಾಹ್. ಹಾಗಾದರೆ ನವೆಂಬರಿಗೆ" ಎಂದು ಬೆರಳು ಮಡಚಿ ಎಣಿಸಿದರು.

ಅವರು ತಿಂಗಳು ಎಣಿಸುತ್ತಿದ್ದಾರೆಂದು ತಿಳಿಯುವಷ್ಟರಲ್ಲಿ ನನ್ನ ಸ್ಟಾಪು ಬಂದಿತ್ತು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ, "ನಾಳೆ ಹೇಳಿಬಿಡು" ಎಂದರು. ನಾಳೆ ಹೇಳುತ್ತೇನೆಂದೆ. ಆ ನಾಳೆ ಪ್ರತಿದಿನವೂ ನನ್ನೊಂದಿಗೆ ಬಸ್ಸು ಹತ್ತಿ ಸಿದ್ದಕಟ್ಟೆಯಲ್ಲಿ ಇಳಿಯತೊಡಗಿತು.

ಮರುವಾರದಿಂದ ಐಸಮ್ಮ ಪೊಟ್ಟಣ ತರಲಾರಂಭಿಸಿದರು. ಅಕ್ಕಿ, ತೆಂಗಿನಕಾಯಿ ರುಬ್ಬಿ ಎಣ್ಣೆಯಲ್ಲಿ ಕರಿದ ಪತ್ತಿರ್ ಒಂದು ದಿನ, ತುಪ್ಪದ ಹಲ್ವ ಇನ್ನೊಂದು ದಿನ, ಬಾಳೆಯೆಲೆಯಲ್ಲಿ ಸುತ್ತಿದ ಮಾವಿನ ಉಪ್ಪಿನಕಾಯಿ ಮತ್ತೊಂದು ದಿನ. ನನ್ನ ಹೊಟ್ಟೆಯಲ್ಲಿ ಹುರುಳಿ ನೀರು ಕುಲುಕುತ್ತಿರುವಾಗ ಆ ಬಿಸಿ ಎಲೆಯ ಪರಿಮಳ ಮಡಿಲಲ್ಲಿ ಏಳುತ್ತಿತ್ತು.

"ಈಗಲೇ ತಿನ್ನಿ ಟೀಚರೇ."

"ಶಾಲೆಯಲ್ಲಿ ತಿನ್ನುತ್ತೇನೆ ಐಸಮ್ಮ. ಬಸ್ಸಿನಲ್ಲಿ ವಾಂತಿ ಬಂದ ಹಾಗಾಗುತ್ತದೆ."

ಅದು ನಾನು ಬಾಯಿಬಿಟ್ಟು ಹೇಳಿದ ಮೊದಲನೆಯ ಸುಳ್ಳು. ಅವರು ಅರ್ಥವಾಯಿತೆಂಬಂತೆ ನಕ್ಕು, ಮರುದಿನ ನಿಂಬೆಹಣ್ಣು ತಂದುಕೊಟ್ಟರು.

ಪೊಟ್ಟಣಗಳೆಲ್ಲ ಹೋದದ್ದು ನಮ್ಮ ವ್ಯಾಯಾಮ ಶಿಕ್ಷಕರಾದ ಲಾರೆನ್ಸ್ ಮಾಸ್ಟ್ರ ಹೊಟ್ಟೆಗೆ. ನನಗೆ ವ್ಯಾಯಾಮ ಹೇಳಿಕೊಟ್ಟವರೂ ಅವರೇ. ಬಸ್ಸಿನ ವಿಷಯ ತಿಳಿಸದೆ, ತೂಕ ಇಳಿಸಬೇಕೆಂದಷ್ಟೇ ಅವರಿಗೆ ಹೇಳಿದ್ದೆ. ಪ್ರಾರ್ಥನೆಗೆ ಮೊದಲು ಮೈದಾನಕ್ಕೆ ಆರು ಸುತ್ತು, ಮನೆಯಲ್ಲಿ ಹಗ್ಗದಾಟ, ಅಂಗಾತ ಮಲಗಿ ಕಾಲೆತ್ತುವುದು. ನಾನು ಕೊಡೆ ಹಿಡಿದು ಕೆಸರಿನಲ್ಲಿ ಬಿರುಸಾಗಿ ನಡೆಯುತ್ತಿದ್ದರೆ ಅವರು ಜಗಲಿಯಲ್ಲಿ ಕುಳಿತು ಪತ್ತಿರ್ ಮುರಿಯುತ್ತಾ, "ಇನ್ನೆರಡು ಸುತ್ತು ಟೀಚರ್, ಬೇಗ ಬೇಗ" ಎನ್ನುತ್ತಿದ್ದರು. ಜುಲೈ ಮುಗಿದರೂ ಹೊಟ್ಟೆ ಅಲುಗದಿದ್ದಾಗ ಅವರನ್ನೇ ಕೇಳಿದೆ.

"ಹೊಟ್ಟೆ ಮಾತ್ರ ಇಳಿಸುವ ವ್ಯಾಯಾಮ ಅಂತ ಇಲ್ಲ ಟೀಚರ್," ಎಂದರು ತುಟಿ ಒರೆಸಿಕೊಂಡು. "ಇಡೀ ಮೈ ಇಳಿಯಬೇಕು. ಮೊದಲು ಮುಖ, ಆಮೇಲೆ ಕೈ. ಹೊಟ್ಟೆ ಉಂಟಲ್ಲ, ಅದು ಲಾಸ್ಟ್ ಸ್ಟಾಪಿನ ಪ್ಯಾಸೆಂಜರು. ಎಲ್ಲರೂ ಇಳಿದ ಮೇಲೆಯೇ ಇಳಿಯುವುದು."

ಹಾಗೆಯೇ ಆಯಿತು. ಕೆನ್ನೆ ಒಳಸೇರಿತು, ಬಳೆಗಳು ಮೊಣಕೈವರೆಗೆ ಜಾರತೊಡಗಿದವು, ಕೊರಳಿನ ಎಲುಬು ಕಂಡಿತು. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಕನ್ನಡಿಯಲ್ಲಿ ನೋಡಿಕೊಂಡರೆ ನಾನು ಈಗ ನಿಜಕ್ಕೂ ಬಸುರಿಯಂತೆ ಕಾಣುತ್ತಿದ್ದೆ. ಜೂನಿನಲ್ಲಿ ಸಂಶಯವಿದ್ದವರಿಗೂ ಆಗಸ್ಟಿನಲ್ಲಿ ಸಂಶಯ ಉಳಿಯಲಿಲ್ಲ. ಸದಾನಂದ ಡ್ರೈವರಿಗೆ, "ಹೊಂಡ ನೋಡಿ ಹೋಗು ಮಾರಾಯ, ಟೀಚರ್ ಉಂಟು" ಎಂದು ಕೂಗುತ್ತಿದ್ದ. ಡ್ರೈವರ್ ನಿಜವಾಗಿಯೂ ನಿಧಾನಿಸುತ್ತಿದ್ದ. ಇಡೀ ಬಸ್ಸು ನನಗಾಗಿ ಎರಡು ನಿಮಿಷ ತಡವಾಗಿ ಬಂಟ್ವಾಳ ತಲುಪುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಚೌತಿಯ ರಜೆಗೆ ಮಡಂತ್ಯಾರಿಗೆ ಹೋದೆ. ಅಮ್ಮ ಚಾವಡಿಯಲ್ಲಿ ಬೀಡಿಯ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಊಟಕ್ಕೆ ಕುಳಿತಾಗ ನಾನು ಎರಡನೆಯ ಸೌಟು ಅನ್ನಕ್ಕೆ ಕೈ ಅಡ್ಡ ಹಿಡಿದೆ. ಅಮ್ಮನ ಕೈ ಗಾಳಿಯಲ್ಲೇ ನಿಂತಿತು. ಅವರು ತುಳುವಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರ ಪೆಟ್ಟು ಪೂರ್ತಿ ಬರಲಾರದು: "ನಿನ್ನ ಬಟ್ಟಲು ತುಂಬಲಿ ಅಂತ ನಾನು ಇಷ್ಟು ವರ್ಷ ಎಲೆ ಕತ್ತರಿಸಿದೆ. ಈಗ ನೀನು ಕಲಿತದ್ದು ಅನ್ನ ಬೇಡ ಅನ್ನುವುದನ್ನಾ?"

ವೈದ್ಯೆ ಹೇಳಿದ್ದನ್ನು ತಿಳಿಸಿದೆ. ಅಮ್ಮ ಸೌಟನ್ನು ಪಾತ್ರೆಗೆ ಇಳಿಸಿದರು. ನನ್ನ ಹೊಟ್ಟೆಯನ್ನೇ ನೋಡುತ್ತಾ, "ನಾನು ಬೇರೆಯೇ ಎಣಿಸಿದ್ದೆ. ನೀನಾಗಿ ಹೇಳಲಿ ಅಂತ ಸುಮ್ಮನಿದ್ದೆ" ಎಂದರು.

ಅಂದು ಸಂಜೆಯೇ ನಾನು ಹೊರಟುಬಂದೆ. ಅಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದರೆ ಮನೆಯಲ್ಲೂ ಕೂರಲಾಗಲಿಲ್ಲ. ಅಡುಗೆಮನೆಯಿಂದ ಚಾವಡಿಗೆ, ಚಾವಡಿಯಿಂದ ಅಂಗಳಕ್ಕೆ ನಡೆದೆ. ನಡೆಯುವುದೂ ವ್ಯಾಯಾಮವೇ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ.

ಸೆಪ್ಟೆಂಬರಿನ ಕೊನೆಗೆ ಐಸಮ್ಮ ತಿಂಡಿಯ ಬದಲು ಬಟ್ಟೆಯ ಕಟ್ಟೊಂದನ್ನು ತಂದರು. ಅಂಗಡಿಯಲ್ಲಿ ಉಳಿದ ತೆಳುವಾದ ಮಲ್ ಹತ್ತಿಬಟ್ಟೆಯ ತುಂಡುಗಳು. ಅಂಚು ಹೊಲಿದು, ಗಂಜಿ ಹೋಗುವವರೆಗೆ ಒಗೆದು, ಚೌಕವಾಗಿ ಮಡಚಿದ್ದರು. "ಹೊಸ ಬಟ್ಟೆ ಹೆರಿಗೆಗೆ ಮೊದಲೇ ಕೊಡಬಾರದು. ಅದಕ್ಕೆ ಏಳು ಸಲ ಒಗೆದು ಹಳೆಯದು ಮಾಡಿದ್ದೇನೆ. ಎಳೆ ಮೈಗೆ ತಾಗಬಾರದಲ್ಲ?"

ಕೈಯಲ್ಲಿ ಹಿಡಿದರೆ ಅದಕ್ಕೆ ಭಾರವೇ ಇರಲಿಲ್ಲ. ಲಾರೆನ್ಸ್ ಮಾಸ್ಟ್ರಿಗೆ ಕೊಟ್ಟು ಕೈತೊಳೆದುಕೊಳ್ಳುವ ವಸ್ತು ಅದಲ್ಲ. ಮನೆಗೆ ತಂದು ಟ್ರಂಕಿನ ತಳದಲ್ಲಿಟ್ಟು, ಮೇಲೆ ನನ್ನ ಬಿ.ಎಡ್. ಟಿಪ್ಪಣಿಗಳನ್ನು ಹೇರಿದೆ.

ಅದೇ ಸಮಯಕ್ಕೆ ಹೊಟ್ಟೆ ಇಳಿಯತೊಡಗಿತು. ನನ್ನಲ್ಲಿ ತೂಕದ ಯಂತ್ರವಿರಲಿಲ್ಲ, ಸೀರೆಯ ನೆರಿಗೆಯೇ ಅಳತೆ. ಜೂನಿನಲ್ಲಿ ಐದು ಬರುತ್ತಿದ್ದ ನೆರಿಗೆ ಅಕ್ಟೋಬರ್ ಮೊದಲ ವಾರಕ್ಕೆ ಆರಾಯಿತು. ನಾಲ್ಕು ತಿಂಗಳು ಕಾದು ಪಡೆದ ಒಂದು ನೆರಿಗೆ! ಅದನ್ನು ಬೆರಳಿನಿಂದ ಮತ್ತೆ ಮತ್ತೆ ಎಣಿಸಿದೆ. ಎಣಿಸುತ್ತಿದ್ದಂತೆಯೇ ಇನ್ನೊಂದು ಎಣಿಕೆ ನೆನಪಾಯಿತು. ಬಸ್ಸಿನ ಲೆಕ್ಕದಲ್ಲಿ ನನಗೆ ಈಗ ಎಂಟನೆಯ ತಿಂಗಳು. ಎಂಟನೆಯ ತಿಂಗಳಲ್ಲಿ ಇಳಿಯುವ ಹೊಟ್ಟೆಗೆ ಜನ ಕೊಡುವ ಅರ್ಥ ಒಂದೇ.

ಅಂದಿನಿಂದ ದಸರಾ ರಜೆಯವರೆಗೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಗಂಜಿ ಹಾಕಿದ ದಪ್ಪ ನೂಲಿನ ಸೀರೆಗಳನ್ನೇ ಉಟ್ಟೆ. ಸೆರಗನ್ನು ಉಬ್ಬುವಂತೆ ಹೊದ್ದೆ. ಪುಸ್ತಕದ ಚೀಲವನ್ನು ಮಡಿಲಿನಲ್ಲಿ ಒತ್ತಿ ಹಿಡಿದೆ. ಮನೆಯಲ್ಲಿ ಹೊಟ್ಟೆ ಕರಗಿಸಲು ಹಗ್ಗ ಹಾರುವುದು, ಬಸ್ಸಿನಲ್ಲಿ ಅದೇ ಹೊಟ್ಟೆಯನ್ನು ಕಾಪಾಡಿಕೊಳ್ಳುವುದು. ಇದನ್ನೂ ಯಜಮಾನರಿಗೆ ಹೇಳಿದೆ. ಈ ಸಲ ಅವರು ನಗಲಿಲ್ಲ.

ರಜೆಯ ಮೂರು ವಾರ ನಾನು ಬೆಳಿಗ್ಗೆಯೂ ಸಂಜೆಯೂ ನಡೆದೆ. ನಡೆಯುತ್ತಾ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡೆ. "ಐಸಮ್ಮ, ದಯವಿಟ್ಟು ಕ್ಷಮಿಸಬೇಕು. ತಾವೆಲ್ಲರೂ ತಿಳಿದುಕೊಂಡಿದ್ದಂತೆ ನಾನು ಗರ್ಭಿಣಿಯಾಗಿರಲಿಲ್ಲ." ಕರ್ತೃ, ಕ್ರಿಯಾಪದ ಎಲ್ಲವೂ ಸರಿಯಿದ್ದ ವಾಕ್ಯ. ನೂರು ಸಲ ಹೇಳಿಕೊಂಡೆ.

ಶಾಲೆ ತೆರೆದ ಸೋಮವಾರ ನೆರಿಗೆ ಏಳು ಬಂತು. ತೆಳ್ಳನೆಯ ಸೀರೆಯನ್ನೇ ಉಟ್ಟು, ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಸದಾನಂದ ನನ್ನ ಹೊಟ್ಟೆಯನ್ನು ನೋಡಿದ. ಕೂಡಲೇ ಮುಖವನ್ನು ನೋಡಿದ. ಅಂದು ಅವನು ಕೂಗಲಿಲ್ಲ. ಐಸಮ್ಮನ ಪಕ್ಕದಲ್ಲಿದ್ದ ಹುಡುಗಿಗೆ ಕಣ್ಣಿನಲ್ಲೇ ಹೇಳಿದ. ಅವಳು ಎದ್ದಳು.

ನಾನು ಕುಳಿತೆ. ಐಸಮ್ಮ ನನ್ನ ಕೈಯನ್ನು ತಮ್ಮ ಎರಡೂ ಕೈಗಳ ನಡುವೆ ತೆಗೆದುಕೊಂಡರು. ಎರಡು ಸ್ಟಾಪು ಕಳೆಯುವವರೆಗೆ ಅವರ ಹೆಬ್ಬೆರಳು ನನ್ನ ಬಳೆಗಳನ್ನು ಸುಮ್ಮನೆ ಹಿಂದೆ ಮುಂದೆ ಸರಿಸುತ್ತಿತ್ತು. ನನ್ನ ವಾಕ್ಯವನ್ನು ಹುಡುಕಿದೆ. ಅದರ ಒಂದು ಪದವೂ ಸಿಗಲಿಲ್ಲ. ಬಾಯಿಗೆ ಬಂದದ್ದು ಇಷ್ಟೇ:

"ಮಗು ಇರಲೇ ಇಲ್ಲ, ಐಸಮ್ಮ."

ಅವರು ನನ್ನನ್ನು ನೋಡಿದರು. ಆಮೇಲೆ ನಿಧಾನವಾಗಿ ತಲೆಯಾಡಿಸಿದರು.

"ಹೌದು. ಹಾಗೇ ಎಣಿಸಬೇಕು ಟೀಚರೇ. ಇರಲೇ ಇಲ್ಲ ಅಂತ ಎಣಿಸಬೇಕು. ನಾನೂ ಎರಡು ಸಲ ಹಾಗೇ ಎಣಿಸಿದ್ದು."

"ಹಾಗಲ್ಲ ಐಸಮ್ಮ, ನಿಜವಾಗಿಯೂ..."

"ಗೊತ್ತಾಯ್ತು. ಸಾಕು. ಬಸ್ಸಿನಲ್ಲಿ ಬೇಡ."

ನಾನು ಹೇಳಿದ್ದು ಸತ್ಯ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಅದನ್ನು ಇನ್ನು ತಿದ್ದುವುದೆಂದರೆ ಅವರು ಈಗಷ್ಟೇ ನನ್ನ ಕೈಯಲ್ಲಿಟ್ಟ ಆ ಎರಡು ಸಲವನ್ನೂ ಹಿಂದಕ್ಕೆ ಕೊಟ್ಟಂತಾಗುತ್ತಿತ್ತು. ಕಣ್ಣೀರು ಬಂತು. ಯಾರಿಗಾಗಿ ಎಂದು ನನಗೆ ಆಗಲೂ ತಿಳಿಯಲಿಲ್ಲ. ಆದರೆ ಆ ಐದು ತಿಂಗಳಲ್ಲಿ ಆ ಬಸ್ಸಿನಲ್ಲಿ ನಾನು ನಟಿಸದೆ ಮಾಡಿದ್ದು ಅದೊಂದೇ.

ಸಿದ್ದಕಟ್ಟೆ ಹತ್ತಿರ ಬರುವಾಗ ಅವರು ಚೀಲದಿಂದ ಪೊಟ್ಟಣ ತೆಗೆದು, ಕೊಡಲೋ ಬೇಡವೋ ಎಂದು ಅನುಮಾನಿಸಿದರು. "ಅಭ್ಯಾಸದಲ್ಲಿ ತಂದದ್ದು. ತಿನ್ನಲಿಕ್ಕೆ ಆಗ್ತದಾ?"

ನಾನು ಎಲೆ ಬಿಡಿಸಿ ಅಲ್ಲಿಯೇ ತಿಂದೆ. ತೆಂಗಿನಕಾಯಿ, ಎಣ್ಣೆ, ಅಕ್ಕಿ. ಒಂದು ಚೂರೂ ಬಿಡಲಿಲ್ಲ. ಬೆರಳಿನ ಎಣ್ಣೆಯನ್ನು ಎಲೆಗೆ ಒರೆಸುತ್ತಾ, "ಬಟ್ಟೆಯನ್ನು ನಾಳೆ ತಂದುಕೊಡುತ್ತೇನೆ" ಎಂದೆ.

"ಯಾಕೆ? ಬಟ್ಟೆ ಏನು ಹಳಸಿ ಹೋಗ್ತದಾ? ಉಂಟಲ್ಲ, ಇರಲಿ."

ಮರುದಿನ ಹುಡುಗಿ ಏಳಲು ಹೊರಟಾಗ ನಾನು ಸದಾನಂದನಿಗೆ, "ಬೊಡ್ಚಿ ಅಣ್ಣ, ಯಾನ್ ಉಂತುವೆ" ಎಂದೆ. ಬೇಡಣ್ಣ, ನಿಲ್ಲುತ್ತೇನೆ. ಆ ಬಸ್ಸಿನಲ್ಲಿ ನಾನು ಗಟ್ಟಿಯಾಗಿ ಆಡಿದ ಮೊದಲ ತುಳು ಅದು. ಮಾರ್ಚ್ ಕೊನೆಯವರೆಗೆ ಕಂಬಿ ಹಿಡಿದು ನಿಂತೇ ಹೋದೆ, ಐಸಮ್ಮನ ಸೀಟಿನ ಪಕ್ಕದಲ್ಲೇ. ಜೂನಿನಲ್ಲಿ ನನಗೆ ಬೆಳ್ತಂಗಡಿಯ ಕಡೆಯ ಬೇರೆ ಶಾಲೆಯಲ್ಲಿ ಕೆಲಸವಾಯಿತು. ಎಂಟೂಕಾಲರ ಬಸ್ಸನ್ನು ಮತ್ತೆ ಹತ್ತಲಿಲ್ಲ.

ವೈದ್ಯೆ ಹೇಳಿದ "ಆಮೇಲೆ" ಬಂತು. ಎರಡು ವರ್ಷ ನೋಡಿದೆವು, ಇನ್ನೂ ಎರಡು ವರ್ಷ ನೋಡಿದೆವು. ನಮಗೆ ಮಕ್ಕಳಾಗಲಿಲ್ಲ. ಇಳಿದ ಹೊಟ್ಟೆಯೂ ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗಿತು. ಈಗ ನೆರಿಗೆ ಐದೇ.

ಫ್ಲಾಸ್ಕು ಹಿಡಿದುಕೊಂಡಿದ್ದ ಹೊಸ ಶಿಕ್ಷಕಿ ನನ್ನನ್ನೇ ಕೇಳಿದರು: "ಮೇಡಂ, ಇದರಿಂದ ಹೊಟ್ಟೆ ಇಳೀತದಾ?"

"ಇಳಿಯುತ್ತದೆ," ಎಂದೆ. "ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ."

ಮನೆಗೆ ಬಂದು ಟ್ರಂಕು ತೆರೆದೆ. ಬಿ.ಎಡ್. ಟಿಪ್ಪಣಿಗಳನ್ನು ರದ್ದಿಗೆ ಹಾಕಿ ಎಷ್ಟೋ ವರ್ಷಗಳಾದವು. ಐಸಮ್ಮ ಏಳು ಸಲ ಒಗೆದ ಬಟ್ಟೆ, ಅವರು ಮಡಚಿದ ಮಡಿಕೆಯಲ್ಲೇ, ಈಗಲೂ ಅದರ ತಳದಲ್ಲಿ ಉಂಟು. ಈ ಬರಹವನ್ನು ತಿದ್ದುವಾಗ ಆ "ಉಂಟು" ಎಂಬುದರ ಮೇಲೆ ಕೆಂಪು ಪೆನ್ನು ಇಟ್ಟೆ. ಹೊಡೆದು ಹಾಕಲು ಮನಸ್ಸು ಬರಲಿಲ್ಲ.